ಆ ಜಾಕೆಟ್ಟನ್ನು ಇನ್ನೊಮ್ಮೆ ನೋಡಿ

ನಮಸ್ಕಾರ.

'ಪರ್ಸೆಪೊಲಿಸ್' ಮತ್ತು 'ಘೋಸ್ಟ್ ವರ್ಲ್ಡ್' ಗ್ರಾಫಿಕ್ ಕಾದಂಬರಿಗಳಲ್ಲಿ, ಅಂದರೆ ಚಿತ್ರಗಳಲ್ಲೇ ಕಥೆ ಹೇಳುವ ಪುಸ್ತಕಗಳಲ್ಲಿ, ಹದಿಹರೆಯದ ಹುಡುಗಿಯರು ಹೇಗೆ ಬಂದಿದ್ದಾರೆ ಅಂತ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ಇಂಥ ಪುಸ್ತಕಗಳ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ, ಅದಕ್ಕೂ ಖುಷಿಯಾಯಿತು. ಆದರೆ ಎರಡು ವಾಕ್ಯ ಓದಿ ನಿಜಕ್ಕೂ ಸಿಟ್ಟು ಬಂತು. ಅವೆರಡರ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲನೆಯದು: "ಪಾಶ್ಚಾತ್ಯ ಉಡುಪಿನ ಮೂಲಕ ಮಾರ್ಜಿ ವ್ಯವಸ್ಥೆಯ ವಿರುದ್ಧ ಬಂಡಾಯ ಸಾರುತ್ತಾಳೆ."

'ಪಾಶ್ಚಾತ್ಯ ಉಡುಪು' ಅಂದರೆ ಯಾವುದು? 'ಪರ್ಸೆಪೊಲಿಸ್' ಬರೆದ ಮರ್ಜಾನ್ ಸತ್ರಪಿ ಕ್ರಾಂತಿಯ ನಂತರದ ಇರಾನಿನಲ್ಲಿ, ಪಾಶ್ಚಾತ್ಯ ಸಂಗೀತಕ್ಕೆ ನಿಷೇಧವಿದ್ದ ಕಾಲದಲ್ಲಿ ಬೆಳೆದವರು; ಮಾರ್ಜಿ ಅಂದರೆ ಚಿಕ್ಕಂದಿನ ಅವರೇ. ಒಂದೊಂದನ್ನೂ ಬಿಡಿಸಿ ತೋರಿಸಿದ್ದಾರೆ. ಡೆನಿಮ್ ಜಾಕೆಟ್, ಅದಕ್ಕೊಂದು ಮೈಕಲ್ ಜಾಕ್ಸನ್ ಬ್ಯಾಡ್ಜ್, ಕಾಲಿಗೆ 1983ರ ನೈಕಿ ಶೂ. ತಲೆಗೆ ಸ್ಕಾರ್ಫ್. ಆ ಸ್ಕಾರ್ಫನ್ನು ನೀವು ಬಿಟ್ಟೇಬಿಟ್ಟಿದ್ದೀರಿ! ಈ ಪುಸ್ತಕದ ಸಿನಿಮಾದಲ್ಲಂತೂ ಜಾಕೆಟ್ ಮೇಲೆ 'ಪಂಕ್ ಸತ್ತಿಲ್ಲ' (ಪಂಕ್ ಅಂದರೆ ಒಂದು ಬಗೆಯ ಅಬ್ಬರದ ರಾಕ್ ಸಂಗೀತ) ಅಂತ ಇಂಗ್ಲಿಷಿನಲ್ಲಿ ಬರೆದಿದೆ, ಅದರ ಸ್ಪೆಲಿಂಗೂ ತಪ್ಪು. 'ಡೆಡ್' ಪದದಲ್ಲಿ ಒಂದು ಅಕ್ಷರ ಇಲ್ಲ. ಆ ಒಂದು ಅಕ್ಷರದಲ್ಲಿ ನನಗೆ ಆ ಹುಡುಗಿ ಪೂರ್ತಿ ಕಾಣುತ್ತಾಳೆ.

'ಬಂಡಾಯ' ಅಂತೀರಿ. ಆ ಜಾಕೆಟ್ ತಂದುಕೊಟ್ಟವರು ಯಾರು? ಅಪ್ಪ ಅಮ್ಮ, ಟರ್ಕಿಯಿಂದ. ಮಗಳು ಕೇಳಿದ ಪೋಸ್ಟರುಗಳನ್ನು ಅಪ್ಪನ ಕೋಟಿನ ಒಳಪದರದಲ್ಲಿಟ್ಟು ಹೊಲಿದವಳು ಅಮ್ಮ. ಇದು ಒಂದು ಮನೆಯವರೆಲ್ಲ ಸೇರಿ ಮಾಡಿದ ಕಳ್ಳಸಾಗಣೆ, ಅಲ್ವಾ?

ಇನ್ನು 'ಸಾರುತ್ತಾಳೆ.' ಟೆಹ್ರಾನಿನ ಗಾಂಧಿ ರಸ್ತೆಯಲ್ಲಿ ಕದ್ದುಮುಚ್ಚಿ ಕ್ಯಾಸೆಟ್ ಕೊಂಡು ಬರುವಾಗ ಮಾರ್ಜಿ ಹೆಂಗಸರ ಉಡುಪು ತಪಾಸಣೆ ಮಾಡುವ ಕ್ರಾಂತಿಯ ಕಾವಲು ಹೆಂಗಸರ ಕೈಗೆ ಸಿಕ್ಕಿಬೀಳುತ್ತಾಳೆ. ಅವರಲ್ಲೊಬ್ಬಳು ಶೂ ನೋಡಿ 'ಪಂಕ್' ಅನ್ನುತ್ತಾಳೆ. ಪಂಕ್ ಅಂದರೆ ಏನು ಅಂತ ಅವಳಿಗೇ ಗೊತ್ತಿಲ್ಲ. ಬ್ಯಾಡ್ಜ್‌ನಲ್ಲಿ ಇರುವುದು ಅಮೆರಿಕದ ಕಪ್ಪು ಮುಸ್ಲಿಮರ ನಾಯಕ ಮಾಲ್ಕಮ್ ಎಕ್ಸ್ ಅಂತ ಮಾರ್ಜಿ ಸುಳ್ಳು ಹೇಳುತ್ತಾಳೆ. ಮಲತಾಯಿಯ ಕಥೆ ಕಟ್ಟಿ, ಗೋಗರೆದು ತಪ್ಪಿಸಿಕೊಳ್ಳುತ್ತಾಳೆ. ಇದರಲ್ಲಿ ಸಾರುವುದು ಎಲ್ಲಿ ಬಂತು? ಜೀವ ಬಾಯಿಗೆ ಬಂದ ಒಂದು ಮಗು ಇದೆ. ಆ ಮಗು ಮನೆಗೆ ಹೋಗಿ ಅದೇ ಕ್ಯಾಸೆಟ್ ಹಾಕುತ್ತದೆ. ಬರೆಯಬೇಕಾದ್ದು ಅದನ್ನು.

ನಾನು ವಾರಪತ್ರಿಕೆಯೊಂದಕ್ಕೆ ಸೇರಿದ ಹೊಸತರಲ್ಲಿ ಸಿಕ್ಕ ಮೊದಲ ಕೆಲಸ ಫೋಟೋಗಳಿಗೆ ಅಡಿಬರಹ ಬರೆಯುವುದು. ಹೋಟೆಲಿನ ಹಿಂದೆ ಹುಡುಗನೊಬ್ಬ ಟೀ ಲೋಟ ತೊಳೆಯುತ್ತಿರುವ ಫೋಟೋ ಕೊಟ್ಟರು. 'ಕಮರಿದ ಬಾಲ್ಯ' ಅಂತ ಬರೆದುಕೊಟ್ಟೆ. ಹಿರಿಯ ಸಂಪಾದಕರು ಫೋಟೋವನ್ನು ಮೇಜಿನ ಮೇಲೆ ಮಗುಚಿಟ್ಟು, "ಹುಡುಗ ಹಾಕಿಕೊಂಡಿರೋ ಅಂಗಿ ಯಾವುದು ಹೇಳಪ್ಪಾ" ಅಂದರು. ನನಗೆ ಗೊತ್ತಿರಲಿಲ್ಲ. ತಿರುಗಿಸಿ ತೋರಿಸಿದರು. ಶಾಲೆಯ ಯೂನಿಫಾರ್ಮ್. ಜೇಬಿನ ಮೇಲಿದ್ದ ಬ್ಯಾಡ್ಜ್ ಕಿತ್ತ ಜಾಗದಲ್ಲಿ ಬಟ್ಟೆ ಮಾಸದೆ ಹಾಗೇ ನೀಲಿಯಾಗಿ ಉಳಿದಿತ್ತು. ನನ್ನ ಎರಡು ಪದ ಯಾವ ಹುಡುಗನ ಫೋಟೋ ಕೆಳಗಾದರೂ ಹೊಂದುತ್ತಿತ್ತು. ಆ ನೀಲಿ ಅವನೊಬ್ಬನದು. ನಿಮ್ಮ ವಾಕ್ಯ ಓದಿದಾಗ ಆ ಅಂಗಿಯೇ ಕಣ್ಣ ಮುಂದೆ ಬಂತು.

ಎರಡನೆಯ ವಾಕ್ಯ: "ಜಗಳದ ನಂತರ ಈನಿಡ್ ಮತ್ತು ರೆಬೆಕ್ಕಾ ಬೇರೆಯಾಗುತ್ತಾರೆ."

ಜಗಳ ಆಗುತ್ತದೆ, ನಿಜ. ಆದರೆ 'ಘೋಸ್ಟ್ ವರ್ಲ್ಡ್'ನಲ್ಲಿ ಡೇನಿಯಲ್ ಕ್ಲೋಸ್ ಬರೆದದ್ದು ಜಗಳದ ಕಥೆಯಲ್ಲ. ಶಾಲೆ ಮುಗಿಸಿದ ಇಬ್ಬರು ಗೆಳತಿಯರು. ಊರಿನ ಹೋಟೆಲಿನಲ್ಲಿ ಕೂತು ಕಂಡಕಂಡವರನ್ನೆಲ್ಲ ಆಡಿಕೊಂಡು ನಗುತ್ತಾರೆ. ಆ ನಗುವೇ ಅವರ ಸ್ನೇಹ. ಈನಿಡ್ ಕಾಲೇಜಿಗೆ ಬೇರೆ ಊರಿಗೆ ಹೋಗುವ ಮಾತು ಬರುತ್ತದೆ, ಇಬ್ಬರ ನಡುವೆ ಜಾಶ್ ಅನ್ನುವ ಹುಡುಗ ಬರುತ್ತಾನೆ, ನಗು ಕಡಿಮೆಯಾಗುತ್ತಾ ಹೋಗುತ್ತದೆ. ಯಾವ ಪುಟದಲ್ಲಿ ಸ್ನೇಹ ಮುಗಿಯಿತು ಅಂತ ಬೆರಳಿಟ್ಟು ತೋರಿಸಿ ನೋಡೋಣ. ಆಗುವುದಿಲ್ಲ. ಪುಸ್ತಕದುದ್ದಕ್ಕೂ ಒಂದು ಮಂಕು ನೀಲಿ ಹಸಿರು ಬಣ್ಣ ಇದೆ, ಸಂಜೆ ಹೊತ್ತು ಟೀವಿ ಹಾಕಿದ ಮನೆಯ ಕಿಟಕಿಯಲ್ಲಿ ಕಾಣುವ ಬೆಳಕಿನ ಹಾಗೆ. ಅದರ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ.

ಕೊನೆಯಲ್ಲಿ ಈನಿಡ್ ಗಾಜಿನ ಹೊರಗೆ ನಿಂತು ಒಳಗಿರುವ ರೆಬೆಕ್ಕಾಳನ್ನು ನೋಡುತ್ತಾಳೆ. ಒಳಗೆ ಹೋಗುವುದಿಲ್ಲ. ಆಮೇಲೆ ಬಸ್ಸು ಹತ್ತುತ್ತಾಳೆ. ಅವರಿಬ್ಬರ ಬಗ್ಗೆ ನೀವು ನಾಲ್ಕು ಪುಟ ಬರೆದಿದ್ದೀರಿ, ಆ ಗಾಜು ಎಲ್ಲೂ ಬಂದಿಲ್ಲ.

ಎರಡೂ ಪುಸ್ತಕ ತೆರೆದಿಟ್ಟುಕೊಂಡು ಮತ್ತೆ ಬರೆಯಿರಿ. ಅವಸರ ಬೇಡ. ಯಾವ ಚಿತ್ರದ ಬಗ್ಗೆ ಬರೆಯುತ್ತೀರೋ ಅದರ ಪುಟಸಂಖ್ಯೆಯನ್ನು ಅಂಚಿನಲ್ಲಿ ಗುರುತು ಹಾಕಿ ಕಳಿಸಿ. ನಾನೂ ಪಕ್ಕದಲ್ಲಿ ಪುಸ್ತಕ ಇಟ್ಟುಕೊಂಡೇ ಓದುತ್ತೇನೆ.