ಮೈತ್ರಿ ಅಂದ್ರೆ ಕೂಡುವ ಲೆಕ್ಕ ಅಲ್ಲ ಮಾರ್ರೆ

ಪ್ರತಿ ಚುನಾವಣೆ ಮುಗಿದ ಮೇಲೂ ನನ್ನ ಹತ್ತಿರ ಬರುವುದು ಅದೇ ಪ್ರಶ್ನೆ, ಊರು ಮಾತ್ರ ಬೇರೆ. ‘ಇವರ ಶೇಕಡಾ ಇಷ್ಟು, ಅವರ ಶೇಕಡಾ ಇಷ್ಟು, ಕೂಡಿದರೆ ಗೆಲುವು, ಅಲ್ವಾ ಸರ್?’ ಅಲ್ಲ. ಈ ಸಲ ಕೊಣಾಜೆಯಿಂದ ಒಬ್ಬರು ಸ್ವಲ್ಪ ಓದಿಕೊಂಡು ಕೇಳಿದ್ದಾರೆ, ಹಾಗಾಗಿ ಜಾಗವೆಲ್ಲ ಅವರಿಗೇ.

ಪ್ರಶ್ನೆ: ಹಂಗೇರಿಯ 2014ರ ಸಂಸತ್ ಚುನಾವಣೆಯಲ್ಲಿ ಮಧ್ಯಮ-ಎಡ ಒಲವಿನ ಐದು ವಿರೋಧ ಪಕ್ಷಗಳು ಒಂದಾಗಿ ನಿಂತೂ ಸೋತವು. ಆಗ ಆಳುತ್ತಿದ್ದ ಪಕ್ಷ ಫಿದೆಸ್‌ಗೆ ಬಂದದ್ದು ಶೇ. 45ರಷ್ಟು ಮತ ಮಾತ್ರ. ಉಳಿದ ವಿರೋಧಿಗಳನ್ನೂ ಸೇರಿಸಿಕೊಂಡಿದ್ದರೆ ಗೆಲ್ಲುತ್ತಿರಲಿಲ್ವಾ? (ಎಂಎ ವಿದ್ಯಾರ್ಥಿ)

ಉತ್ತರ: ಕಾಗದದ ಮೇಲೆ ಹೌದು. ಹಂಗೇರಿಯವರೂ ಹಾಗೇ ಅಂದುಕೊಂಡರು, ಆಮೇಲೆ ಮಾಡಿಯೂ ನೋಡಿದರು. ಆ ಕಥೆ ನಿಮ್ಮ ಪುಸ್ತಕದಲ್ಲಿ ಇರಲಿಕ್ಕಿಲ್ಲ.

ಮೊದಲು 2014. ಅಲ್ಲಿನ ಸಂಸತ್ತಿನಲ್ಲಿ 199 ಸ್ಥಾನ. 106 ನಮ್ಮ ಹಾಗೆ ಕ್ಷೇತ್ರದಿಂದ, 93 ಪಕ್ಷದ ಪಟ್ಟಿಯಿಂದ, ಅಂದರೆ ಪಕ್ಷಕ್ಕೆ ಬಿದ್ದ ಮತದ ಲೆಕ್ಕದಲ್ಲಿ. ಮೊದಲೆಲ್ಲ ಎರಡು ಸುತ್ತು ಮತದಾನ ಇತ್ತು. ಮೊದಲ ಸುತ್ತಿನಲ್ಲಿ ಜನರೇ ಯಾರಿಗೆ ಬಲ ಉಂಟು ಅಂತ ತೋರಿಸುತ್ತಿದ್ದರು, ಪಕ್ಷಗಳು ಆಮೇಲೆ ಕೂತು ಮಾತಾಡಿಕೊಳ್ಳುತ್ತಿದ್ದವು. ಫಿದೆಸ್ ಅದನ್ನು ಒಂದೇ ಸುತ್ತಿಗೆ ಇಳಿಸಿತು, ಕ್ಷೇತ್ರದ ಗಡಿಗಳನ್ನೂ ಹೊಸದಾಗಿ ಎಳೆಯಿತು. ಈಗ ವಿರೋಧಿಗಳು ಮತದಾನಕ್ಕೆ ಮೊದಲೇ ಸೀಟು ಹಂಚಿಕೊಳ್ಳಬೇಕು, ಅದೂ ಯಾರ ತೂಕ ಎಷ್ಟು ಅಂತ ಗೊತ್ತಿಲ್ಲದೆ. ಸಮಾಜವಾದಿಗಳು ಮತ್ತು ಉಳಿದ ನಾಲ್ಕು ಪಕ್ಷಗಳು ಜನವರಿಯಲ್ಲಿ ಕೈಜೋಡಿಸಿದವು, ಏಪ್ರಿಲ್‌ನಲ್ಲಿ ಚುನಾವಣೆ. ಫಲಿತಾಂಶ: 106 ಕ್ಷೇತ್ರದಲ್ಲಿ 96 ಫಿದೆಸ್ ಪಾಲು, ಮೈತ್ರಿಗೆ 10. ಒಟ್ಟಿನಲ್ಲಿ 133 ಮತ್ತು 38. ಶೇ. 45 ಮತಕ್ಕೆ ಮೂರನೇ ಎರಡು ಬಹುಮತ! ಮಾಧ್ಯಮವೂ ಸರ್ಕಾರದ ಕಡೆಗೇ ವಾಲಿತ್ತು, ಅದನ್ನು ಹೊರಗಿನಿಂದ ಬಂದ ಚುನಾವಣಾ ವೀಕ್ಷಕರೂ ಹೇಳಿದರು. ಹಾಗಂತ ಎಲ್ಲವನ್ನೂ ನಿಯಮದ ತಲೆಗೆ ಕಟ್ಟಬೇಡಿ.

ಯಾಕೆಂದರೆ 2022ಕ್ಕೆ ನಿಮ್ಮ ಆಸೆ ಈಡೇರಿತು. ಆರು ಪಕ್ಷಗಳು ಸೇರಿದವು. 2014ರಲ್ಲಿ ಬೇರೆಯಾಗಿ ನಿಂತು ಶೇ. 20 ಮತ ತೆಗೆದಿದ್ದ ಬಲಪಂಥದ ಯೊಬಿಕ್ ಕೂಡ ಅದರಲ್ಲಿ ಇತ್ತು. ಜನರಿಂದಲೇ ಮತ ಹಾಕಿಸಿ ಪ್ರಧಾನಿ ಅಭ್ಯರ್ಥಿಯನ್ನೂ ಆರಿಸಿದರು, ಪೀಟರ್ ಮಾರ್ಕಿ-ಜೈ ಅಂತ ಒಂದು ಸಣ್ಣ ಪಟ್ಟಣದ ಮೇಯರ್. 2018ರಲ್ಲಿ ಇವೇ ಪಕ್ಷಗಳ ಪಟ್ಟಿ ಮತ ಕೂಡಿದರೆ ಶೇ. 46ಕ್ಕಿಂತ ಜಾಸ್ತಿ. 2022ರಲ್ಲಿ ಒಟ್ಟಿಗೆ ನಿಂತಾಗ ಬಂದದ್ದು ಶೇ. 35ರ ಹತ್ತಿರ. 57 ಸ್ಥಾನ. ಫಿದೆಸ್ 135ಕ್ಕೆ ಏರಿತು.

ಉಳಿದ ಮತ ಎಲ್ಲಿ ಹೋಯಿತು? ಯೊಬಿಕ್‌ಗೆ ಹಾಕುತ್ತಿದ್ದವನು ಸಮಾಜವಾದಿಗಳನ್ನು ಬೈದುಕೊಂಡೇ ಬೆಳೆದವನು. ನಾಯಕರು ವೇದಿಕೆಯಲ್ಲಿ ಕೈ ಎತ್ತಿ ಹಿಡಿದ ಕೂಡಲೇ ಅವನು ಯಾಕೆ ಬದಲಾಗಬೇಕು? ಯೊಬಿಕ್ ಬಿಟ್ಟು ಹೋದವರು ಕಟ್ಟಿದ ಹೊಸ ಪಕ್ಷವೊಂದು ಅದೇ ಚುನಾವಣೆಯಲ್ಲಿ 6 ಸ್ಥಾನ ಗೆದ್ದುಕೊಂಡು ಸಂಸತ್ತಿಗೆ ಬಂತು.

ಇಷ್ಟಕ್ಕೆ ಹಂಗೇರಿಗೆ ಹೋಗಬೇಕಾಗಿಯೂ ಇಲ್ಲ. ನಮ್ಮ ಉಡುಪಿ-ಚಿಕ್ಕಮಗಳೂರೇ ಉಂಟಲ್ಲ. 2014ರಲ್ಲಿ ಕಾಂಗ್ರೆಸ್‌ಗೆ ಇಲ್ಲಿ ಹೆಚ್ಚೂಕಮ್ಮಿ 4 ಲಕ್ಷ ಮತ, ಜೆಡಿಎಸ್‌ಗೆ ಅಷ್ಟಕ್ಕಷ್ಟೆ. 2019ರ ಮೈತ್ರಿಯಲ್ಲಿ ಸೀಟು ಜೆಡಿಎಸ್‌ಗೆ ಹೋಯಿತು. ಕಾಂಗ್ರೆಸ್‌ನ ಪ್ರಮೋದ್ ಮಧ್ವರಾಜ್ ಜೆಡಿಎಸ್ ಬಿ ಫಾರ್ಮ್ ಹಿಡಿದು ನಿಂತರು. ಬಂದದ್ದು ಸುಮಾರು 3 ಲಕ್ಷ 70 ಸಾವಿರ. ಶೋಭಾ ಕರಂದ್ಲಾಜೆಯವರ ಅಂತರ ಮೂರೂವರೆ ಲಕ್ಷದ ಹತ್ತಿರ. ಆ ವರ್ಷ ದೇಶದಲ್ಲೇ ಅಲೆ ಇತ್ತು, ಒಪ್ಪುತ್ತೇನೆ. ಆದರೆ ಮತಯಂತ್ರದ ಮುಂದೆ ನಿಂತವರನ್ನು ನೆನೆಸಿಕೊಳ್ಳಿ. ವರ್ಷಾನುಗಟ್ಟಲೆ ‘ಕೈ’ ಒತ್ತಿದ ಕಾಪುವಿನ ಅಜ್ಜಿ ಮೇಲಿಂದ ಕೆಳಗೆ ನೋಡುತ್ತಾಳೆ, ಕೈ ಇಲ್ಲವೇ ಇಲ್ಲ. ತೆನೆ ಹೊತ್ತ ಮಹಿಳೆ ಅಂತ ಯಾರಾದರೂ ಮನೆಗೆ ಹೋಗಿ ಚೀಟಿ ಕೊಟ್ಟು ಹೇಳಿರಬೇಕು. ಹೇಳಬೇಕಾದವನು ಯಾರು? ಬೂತ್ ಕಾರ್ಯಕರ್ತ. ತನ್ನ ಪಕ್ಷಕ್ಕೆ ಟಿಕೆಟ್ ಸಿಗಲಿಲ್ಲ ಅಂತ ಅವನು ಮುಖ ದಪ್ಪ ಮಾಡಿಕೊಂಡು ಕೂತರೆ ಮತ ವರ್ಗಾವಣೆ ಆಗುವುದು ಹೇಗೆ?

ಹಾಗಾದರೆ ಮೈತ್ರಿಯೇ ಬೇಡವಾ ಅಂತ ಕೇಳಬೇಡಿ. ಮೊದಲು ಎಣಿಕೆಯ ನಿಯಮ ನೋಡಿ. ಪೋಲೆಂಡಿನಲ್ಲಿ 2023ರಲ್ಲಿ ವಿರೋಧಿಗಳು ಬೇರೆ ನಿಲ್ಲುವುದು, ಸೇರಿ ನಿಲ್ಲುವುದು ಎರಡನ್ನೂ ಒಟ್ಟಿಗೆ ಮಾಡಿದರು. ಕೆಳಮನೆಗೆ ಮತದ ಅನುಪಾತದಲ್ಲಿ ಸ್ಥಾನ ಸಿಗುತ್ತದೆ, ಅಲ್ಲಿ ಮೂರು ಗುಂಪಾಗಿ ಬೇರೆ ಬೇರೆ ನಿಂತರು. 157, 65, 26. ಒಟ್ಟು 248, 460ರ ಮನೆಯಲ್ಲಿ ಆರಾಮ ಬಹುಮತ. ಮೇಲ್ಮನೆಯಲ್ಲಿ ಕ್ಷೇತ್ರಕ್ಕೆ ಒಬ್ಬನೇ, ಅಲ್ಲಿ ಮಾತ್ರ ಒಪ್ಪಂದ ಮಾಡಿಕೊಂಡು ಒಬ್ಬರ ಎದುರು ಒಬ್ಬರು ನಿಲ್ಲಲಿಲ್ಲ. ಒಗ್ಗಟ್ಟಿನ ಭಾಷಣಕ್ಕಿಂತ ಇದು ಕಷ್ಟದ ಕೆಲಸ. ನಮ್ಮಲ್ಲಿ ಅನುಪಾತದ ಪಟ್ಟಿ ಇಲ್ಲ, ಹಾಗಾಗಿ ಮತ ಒಡೆಯದಿರುವುದು ಮುಖ್ಯ, ನಿಜ. ಆದರೆ ಅದು ನಾಮಪತ್ರ ವಾಪಸಿನ ಕೊನೆ ದಿನ ಆಗುವ ಕೆಲಸ ಅಲ್ಲ, ಕನಿಷ್ಠ ಒಂದು ವರ್ಷ ಮೊದಲೇ ಎರಡೂ ಕಡೆಯ ಕಾರ್ಯಕರ್ತರು ಒಟ್ಟಿಗೆ ಮನೆ ಮನೆ ತಿರುಗಿರಬೇಕು. ಅದಿಲ್ಲದೆ ನನಗೆ ಪಟ್ಟಿ ಕಳಿಸಿ ‘ಗೆಲ್ತಾರಾ ಸರ್’ ಅಂದರೆ ನಾನು ಉತ್ತರ ಕೊಡುವುದಿಲ್ಲ.

ಪ್ರಶ್ನೆ: ವಾಟ್ಸ್‌ಆ್ಯಪ್‌ನಲ್ಲಿ ಬಂದ ಕ್ಷೇತ್ರವಾರು ಸಮೀಕ್ಷೆ ನಂಬಬಹುದಾ? (ಬಂಟ್ವಾಳ)

ಉತ್ತರ: ಯಾರನ್ನು ಕೇಳಿದರು, ಎಷ್ಟು ಜನರನ್ನು ಕೇಳಿದರು ಅಂತ ಬರೆಯದವನದ್ದು ಸಮೀಕ್ಷೆ ಅಲ್ಲ, ಕಣಿ. 2024ರಲ್ಲಿ ದೊಡ್ಡ ದೊಡ್ಡ ಚಾನೆಲ್‌ನವರೇ ಎನ್‌ಡಿಎಗೆ 350 ದಾಟಿಸಿದ್ದರು, ಬಂದದ್ದು 293. ನಿಮ್ಮ ಬಾಜಿ ದುಡ್ಡಿಗೆ ನನ್ನ ಹತ್ತಿರ ಸಲಹೆ ಕೇಳಬೇಡಿ.

ಪ್ರಶ್ನೆ: ಮೈತ್ರಿ ಮುರಿದು ಹೊರಗೆ ಹೋದ ಪಕ್ಷದ ಶಾಸಕರಿಗೆ ಪಕ್ಷಾಂತರ ಕಾಯ್ದೆ ಬೀಳುತ್ತದಾ? (ಕುಂದಾಪುರ)

ಉತ್ತರ: ಇಲ್ಲ. ಕಾಯ್ದೆ ನೋಡುವುದು ಪಕ್ಷವನ್ನು, ಮೈತ್ರಿಯನ್ನಲ್ಲ. ಪಕ್ಷವೇ ಹೊರಗೆ ಹೋದರೆ ಶಾಸಕನ ಕುರ್ಚಿ ಭದ್ರ.

ಪ್ರಶ್ನೆ: ಲೋಕಸಭೆಯಲ್ಲಿ ನೋಟಾಗೆ ಎಲ್ಲರಿಗಿಂತ ಜಾಸ್ತಿ ಮತ ಬಂದರೆ ಮರುಚುನಾವಣೆ ಅಲ್ವಾ? (ಸುರತ್ಕಲ್)

ಉತ್ತರ: ಅಲ್ಲ. ನೋಟಾದ ನಂತರ ಜಾಸ್ತಿ ಮತ ಪಡೆದವನೇ ಗೆದ್ದ. ಈ ಪ್ರಶ್ನೆ ಇನ್ನೊಮ್ಮೆ ಬಂದರೆ ಓದದೆ ಬದಿಗಿಡುತ್ತೇನೆ.