ಕಾನೂನು ಪ್ರಶ್ನೋತ್ತರ: ಹತ್ತು ಸಾವಿರ ಕಟ್ಟಿದರೆ ಮುಗಿಯುತ್ತದೆಯೇ?

ಪ್ರಶ್ನೆ: ಗೆಳೆಯನ ಮೆಹಂದಿ ಮುಗಿಸಿ ಬೈಕಿನಲ್ಲಿ ಬರುವಾಗ ನಂತೂರಿನಲ್ಲಿ ಪೊಲೀಸರು ಊದಿಸಿದರು. ಮೆಷಿನಿನಲ್ಲಿ 58 ಬಂತು. ಅರೆಸ್ಟ್ ಮಾಡಲಿಲ್ಲ. ಡಿ.ಎಲ್. ತೆಗೆದುಕೊಂಡು ಚೀಟಿ ಕೊಟ್ಟು, ಕೋರ್ಟಿಗೆ ಬರಲು ಹೇಳಿದರು. "ತಪ್ಪೊಪ್ಪಿಕೊಂಡು ಹತ್ತು ಸಾವಿರ ಕಟ್ಟು, ಒಂದೇ ದಿನದಲ್ಲಿ ಮುಗೀತದೆ ಮಾರಾಯ" ಅಂತ ಎಲ್ಲರೂ ಹೇಳುತ್ತಾರೆ. ಕಟ್ಟಿಬಿಡಲೇ?
– ಓದುಗ, ಬಿಕರ್ನಕಟ್ಟೆ

ಉತ್ತರ: ದಂಡದ ಮೊತ್ತ ಅವರು ಹೇಳಿದ್ದು ಸರಿ. ಕುಡಿದು ವಾಹನ ಓಡಿಸಿದವರಿಗೆ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಲ್ಲಿ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅವರು ಹೇಳದೆ ಬಿಟ್ಟದ್ದು 20ನೇ ಕಲಮು. 185ರಲ್ಲಿ ಅಪರಾಧಿ ಎಂದು ತೀರ್ಪಾದರೆ ಕನಿಷ್ಠ ಆರು ತಿಂಗಳು ವಾಹನ ಓಡಿಸದಂತೆ ಕೋರ್ಟು ಆದೇಶಿಸಬೇಕು. ತಪ್ಪೊಪ್ಪಿಗೆಯೂ ತೀರ್ಪೇ. ಮುಂದೆ ಇನ್ನೊಮ್ಮೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲು ಅಥವಾ 15,000 ದಂಡ ಅಥವಾ ಎರಡೂ, ಜೊತೆಗೆ ಲೈಸೆನ್ಸೇ ರದ್ದಾಗಬಹುದು. ಆಗ ಲೆಕ್ಕಕ್ಕೆ ಬರುವುದು ಇವತ್ತಿನ ಈ "ಒಂದೇ ದಿನದ" ಕೇಸು. ಕೈಯಲ್ಲಿರುವ ಚೀಟಿಯನ್ನು ನಂಬಿ ಈಗ ಬೈಕು ಹತ್ತಬೇಡಿ. 185ರಲ್ಲಿ ಲೈಸೆನ್ಸ್ ತೆಗೆದುಕೊಂಡಾಗ ಕೊಡುವ ಚೀಟಿಗೆ ಓಡಿಸುವ ಅಧಿಕಾರ ಇಲ್ಲ.

ಹಾಗಾದರೆ ಕೇಸು ನಡೆಸಬೇಕೇ? ಮೊದಲು ಕಾಗದ ನೋಡಿ. ಮೆಷಿನಿನ ಪ್ರಿಂಟ್ ಸ್ಲಿಪ್‌ನಲ್ಲಿ ಸಮಯ, ಮೆಷಿನ್ ನಂಬರು, ರೀಡಿಂಗು ಇವೆಯೇ? ಆ ಮೆಷಿನ್ನಿಗೆ ಕೊನೆಯ ಸಲ ಕ್ಯಾಲಿಬ್ರೇಷನ್ (ಅಳತೆ ಸರಿಯಿದೆಯೇ ಎಂಬ ತಪಾಸಣೆ) ಆದದ್ದು ಯಾವಾಗ? ಹೊಸ ಪೀಪಿ (ಬಾಯಿಗಿಡುವ ನಳಿಕೆ) ಹಾಕಿ ಊದಿಸಿದರೇ? ಗುಟುಕು ಇಳಿದ ಕೂಡಲೇ ಊದಿದರೆ, ಅಥವಾ ಆಗಷ್ಟೇ ಮೌತ್‌ವಾಶ್ ಬಳಸಿದ್ದರೆ, ರಕ್ತದಲ್ಲಿ ಇಲ್ಲದ ಆಲ್ಕೋಹಾಲು ಬಾಯಿಯಿಂದಲೇ ಮೆಷಿನಿಗೆ ಹೋಗಿ ರೀಡಿಂಗು ಏರುತ್ತದೆ. ಅದಕ್ಕೇ ಹದಿನೈದು ನಿಮಿಷ ಬಿಟ್ಟು ಎರಡನೇ ಸಲ ಊದಿಸುವುದು ಸರಿಯಾದ ಕ್ರಮ. 33 ಬಂದವರಿಗೆ ಇದು ದೊಡ್ಡ ಆಧಾರ. ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ನಿಮ್ಮ 58 ಅದರ ಹತ್ತಿರಹತ್ತಿರ ಎರಡು ಪಟ್ಟು. ಕೆಮ್ಮಿನ ಸಿರಪ್ಪು ಕುಡಿದಿದ್ದೆ ಎಂಬ ಕಥೆ ಅಲ್ಲಿ ನಡೆಯದು. ಚಾರ್ಜ್‌ಶೀಟಿನ ಪ್ರತಿ ನಿಮಗೆ ಉಚಿತವಾಗಿ ಸಿಗಬೇಕು. ಅದನ್ನು ವಕೀಲರಿಗೆ ತೋರಿಸುವ ಮೊದಲು ಏನನ್ನೂ ಒಪ್ಪಿಕೊಳ್ಳಬೇಡಿ. ಇನ್ನೊಂದು: ಈ ಅಪರಾಧಕ್ಕೆ ರಸ್ತೆಯಲ್ಲೇ ರಾಜಿ ದಂಡ ಇಲ್ಲ. ಸ್ಥಳದಲ್ಲೇ ನಗದು ಕೊಟ್ಟು "ಮುಗಿಸುವುದು" ಅಂದರೆ ಅದು ಲಂಚ.

ಪ್ರಶ್ನೆ: ಊದುವುದಿಲ್ಲ ಎಂದು ಹೇಳುವ ಹಕ್ಕು ಇದೆಯೇ? ಠಾಣೆಗೆ ಕರೆದೊಯ್ದರೆ ಏನು ಮಾಡಬೇಕು?
– ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ಹೇಳಬಹುದು, ಆದರೆ ಲಾಭ ಇಲ್ಲ. ಕುಡಿದಿದ್ದೀರಿ ಎಂದು ಶಂಕಿಸಲು ಕಾರಣವಿದ್ದರೆ, ನಿರಾಕರಿಸಿದವರನ್ನು ವಾರಂಟ್ ಇಲ್ಲದೆ ಬಂಧಿಸಬಹುದು. ಸರಿಯಾದ ಕಾರಣ ಕೊಡದ ನಿರಾಕರಣೆಯನ್ನು 205ನೇ ಕಲಮಿನಂತೆ ಕೋರ್ಟು ನಿಮ್ಮ ವಿರುದ್ಧವೇ ಎಣಿಸಬಹುದು. ಆಸ್ತಮಾ ಇದ್ದು ಊದಲಾಗದಿದ್ದರೆ ಅಲ್ಲೇ ಹೇಳಿ, ಬರೆಯಿಸಿ.

ಬಂಧಿಸಿದರೆ ಗಡಿಯಾರ ನೋಡಿಕೊಳ್ಳಿ. ಬಂಧನವಾದ ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಆಗಬೇಕು, ಇಲ್ಲದಿದ್ದರೆ ಬಿಡಬೇಕು ಎಂದು 202ನೇ ಕಲಮು ಹೇಳುತ್ತದೆ. ಬಿಟ್ಟ ಮಾತ್ರಕ್ಕೆ ಕೇಸು ಬಿದ್ದುಹೋಯಿತು ಎಂದಲ್ಲ, ಇಲ್ಲಿ ಬಹಳ ಜನ ಎಡವುತ್ತಾರೆ. ಠಾಣೆಯಲ್ಲಿ ಇನ್ನೊಮ್ಮೆ ಊದುವ ಅವಕಾಶವನ್ನೂ ಕೊಡಬೇಕು. ಮೊದಲ ರೀಡಿಂಗಿನ ಮೇಲೆ ಸಂಶಯ ಇದ್ದರೆ ಕೇಳಿಯೇ ಪಡೆಯಿರಿ.

ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೋ ಬೇರೆಲ್ಲಿಗೋ ರಕ್ತ ತೆಗೆಯಲು ಕರೆದೊಯ್ದರೆ, ವೈದ್ಯರು ಗಂಡಸಾಗಿದ್ದರೆ ಮಹಿಳೆಯ ರಕ್ತದ ಮಾದರಿಯನ್ನು ಇನ್ನೊಬ್ಬ ಮಹಿಳೆಯ ಎದುರಿನಲ್ಲೇ ತೆಗೆಯಬೇಕು. ಚರ್ಮ ಒರೆಸಲು ಸ್ಪಿರಿಟ್ ಬಳಸಬಾರದು, ಅದೂ ಆಲ್ಕೋಹಾಲೇ. ಬಾಟಲಿಯಲ್ಲಿ ಸೋಡಿಯಂ ಫ್ಲೋರೈಡ್ ಇಲ್ಲದಿದ್ದರೆ ಮಾದರಿ ಕೆಟ್ಟು ಅಂಕಿ ಏರುಪೇರಾಗುತ್ತದೆ. ಮೊಹರು, ತೆಗೆದ ಸಮಯ, ಹಾಕಿದ ಸಹಿ ಇವನ್ನು ನೆನಪಿಡಿ. ವಕೀಲರು ಮೊದಲು ಕೇಳುವುದು ಇವನ್ನೇ.

ಇದು ಜಾಮೀನಿಗೆ ಅರ್ಹವಾದ ಅಪರಾಧ. ಬಾಂಡ್ ಬರೆದುಕೊಟ್ಟರೆ ಠಾಣೆಯಲ್ಲೇ ಬಿಡಬೇಕು. ಬಂಧನದ ಕಾರಣ ತಿಳಿಯುವುದು, ಮನೆಯವರಿಗೋ ಗೆಳತಿಗೋ ಸುದ್ದಿ ಮುಟ್ಟಿಸುವುದು, ವಕೀಲರನ್ನು ಕಾಣುವುದು ನಿಮ್ಮ ಹಕ್ಕು. "ಎಷ್ಟು ಕುಡಿದಿರಿ, ಎಲ್ಲಿ ಕುಡಿದಿರಿ" ಎಂಬ ಪ್ರಶ್ನೆಗೆ ಉತ್ತರಿಸದೆ ಇರಬಹುದು. ಓದದ ಕಾಗದಕ್ಕೆ ಸಹಿ ಬೇಡ. ವಕೀಲರ ಫೀಸು ಹೊರೆಯಾದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ ಆದಾಯದ ಮಿತಿ ಇಲ್ಲದೆ ಉಚಿತ ನೆರವು ಸಿಗುತ್ತದೆ.

ಪ್ರಶ್ನೆ: ರಾತ್ರಿ 10ಕ್ಕೆ ಶುರುಮಾಡಿ ಒಂದು ಕ್ವಾರ್ಟರ್, ಮೇಲೆ ಒಂದು ಸ್ಟ್ರಾಂಗ್ ಬಿಯರ್ ಕುಡಿದು ಮಲಗಿದರೆ, ಬೆಳಿಗ್ಗೆ 7ಕ್ಕೆ ಮಲ್ಪೆಯಿಂದ ಮೀನಿನ ಟೆಂಪೋ ಓಡಿಸಬಹುದಾ? ಸ್ನಾನ ಮಾಡಿ, ಕಾಫಿ ಕುಡಿದಿರುತ್ತೇನೆ.
– ಚಾಲಕ, ಸಂತೆಕಟ್ಟೆ

ಉತ್ತರ: ಬೇಡ. 180 ಮಿಲಿ ವಿಸ್ಕಿ, 650 ಮಿಲಿಯ ಶೇ. 8ರ ಬಿಯರ್ ಸೇರಿದರೆ ನೂರು ಗ್ರಾಂ ಆಲ್ಕೋಹಾಲು. 70 ಕಿಲೋ ತೂಕದ ಗಂಡಸಿಗೆ ಅದು 100 ಮಿಲಿ ರಕ್ತಕ್ಕೆ ಸುಮಾರು 210 ಮಿಲಿಗ್ರಾಂ ಆಗುತ್ತದೆ. ಯಕೃತ್ತು ಅದನ್ನು ಇಳಿಸುವುದು ಗಂಟೆಗೆ ಸರಾಸರಿ 15ರಂತೆ. 7 ಗಂಟೆಗೆ ಇನ್ನೂ 75–80ರ ಆಸುಪಾಸು ಉಳಿದಿರುತ್ತದೆ, 30ಕ್ಕಿಂತ ಕೆಳಗೆ ಬರುವಾಗ ಬೆಳಿಗ್ಗೆ 10 ದಾಟುತ್ತದೆ. ತೂಕ ಕಡಿಮೆ ಇದ್ದವರಿಗೆ ಇನ್ನೂ ತಡ. ಕಾಫಿಯಿಂದ ನಿದ್ದೆ ಹೋಗುತ್ತದೆ, ಆಲ್ಕೋಹಾಲು ಹೋಗುವುದಿಲ್ಲ. ಅಪಘಾತವಾದರೆ ಗಾಡಿಯ ರಿಪೇರಿ ಹಣವನ್ನು ವಿಮೆಯವರು ನಿರಾಕರಿಸಬಹುದು. ಆ ದಿನ ಲೋಡಿಗೆ ಬದಲಿ ಡ್ರೈವರನ್ನು ಕರೆಯಿರಿ.