ಗಾಡಿ ಮಾತು: ಹೆಡ್‌ಲೈಟ್ ಮಬ್ಬಾದರೆ ಎಂತ ಮಾಡುವುದು?

ಪ್ರಶ್ನೆ: ನಮ್ಮದು 2013ರ ಸಣ್ಣ ಕಾರು. ಎರಡೂ ಹೆಡ್‌ಲೈಟ್‌ಗಳಿಗೆ ಹಳದಿ ಮಬ್ಬು ಕವಿದಿದೆ, ಬಲಗಡೆಯದಕ್ಕೆ ಇನ್ನೂ ಜಾಸ್ತಿ. ಶೋರೂಮಿನವರು ಎರಡನ್ನೂ ಬದಲಾಯಿಸಿ ಎನ್ನುತ್ತಾರೆ. ನನ್ನ ಭಾವ ಟೂತ್‌ಪೇಸ್ಟ್ ಹಾಕಿ ತಿಕ್ಕಿದಾಗ ಫಳಫಳ ಅಂದಿತು, ಸ್ವಲ್ಪ ದಿನಕ್ಕೇ ಮತ್ತೆ ಮೊದಲಿನ ಹಾಗೆ. ಮನೆಯಲ್ಲೇ ಸರಿ ಮಾಡಬಹುದೇ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಮಾಡಬಹುದು ಮೇಡಂ. ನಿಮ್ಮ ಭಾವ ಅರ್ಧ ಕೆಲಸ ಮಾಡಿ ನಿಲ್ಲಿಸಿದ್ದಾರೆ, ಅಷ್ಟೆ.

ಹಳೆ ಅಂಬಾಸಿಡರ್‌ನ ಹೆಡ್‌ಲೈಟ್ ಗಾಜಿನದು. ಕಲ್ಲು ಬಿದ್ದರೆ ಒಡೆಯುತ್ತಿತ್ತು, ಹಳದಿಯಾಗುತ್ತಿರಲಿಲ್ಲ. ಈಗಿನದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಬಿಸಿಲಿನ ಯುವಿ ಕಿರಣ ತಾಗಿದರೆ ಅದು ಹಾಳಾಗುತ್ತದೆ. ಅದಕ್ಕೇ ಕಂಪನಿಯವರು ಮೇಲೆ ತೆಳ್ಳಗೆ ಒಂದು ಕೋಟಿಂಗ್ ಕೊಟ್ಟಿರುತ್ತಾರೆ. ಬಿಸಿಲು ಮೊದಲು ಆ ಕೋಟಿಂಗನ್ನು ತಿನ್ನುತ್ತದೆ, ಆಮೇಲೆ ಪ್ಲಾಸ್ಟಿಕ್ಕಿಗೆ ಕೈ ಹಾಕುತ್ತದೆ. ನಮ್ಮ ಕಡೆ ಎಲ್ಲದಕ್ಕೂ ಉಪ್ಪುಗಾಳಿಯನ್ನೇ ಬೈಯುವ ಅಭ್ಯಾಸ. ಉಪ್ಪುಗಾಳಿ ತಿನ್ನುವುದು ಬಾಡಿಯ ತಗಡನ್ನು. ಇದು ಬಿಸಿಲಿನ ಕೆಲಸ. ನೀವು ಅಂಗಳದಲ್ಲಿ ದಿನಾ ಒಂದೇ ದಿಕ್ಕಿಗೆ ಕಾರು ನಿಲ್ಲಿಸುತ್ತೀರಿ ಅಲ್ವಾ? ಬಲಗಡೆಯದಕ್ಕೇ ಮಬ್ಬು ಜಾಸ್ತಿ ಎಂದರೆ ಎಡಗಡೆ ಮರದ ನೆರಳೋ ಗೋಡೆಯೋ ಇರಬೇಕು. ಒಮ್ಮೆ ನೋಡಿ.

ಟೂತ್‌ಪೇಸ್ಟ್ ಹದವಾದ ಉಜ್ಜುಪುಡಿ, ಮೇಲಿನ ಮಬ್ಬನ್ನು ತೆಗೆಯುತ್ತದೆ. ಆದರೆ ಹೋದ ಕೋಟಿಂಗ್ ವಾಪಸ್ ಬರುವುದಿಲ್ಲವಲ್ಲ. ಬರೀ ಮೈಯಲ್ಲಿ ಮತ್ತೆ ಬಿಸಿಲಿಗೆ ನಿಂತರೆ ಇನ್ನೇನಾಗುತ್ತದೆ? ಸೊಳ್ಳೆಗೆ ಹಚ್ಚುವ ಸ್ಪ್ರೇ ಹೊಡೆಯಿರಿ ಎಂದು ವಿಡಿಯೋ ಹಾಕುವವರೂ ಇದ್ದಾರೆ. ಅದರಲ್ಲಿರುವ ಡೀಟ್ ಎಂಬ ರಾಸಾಯನಿಕ ಪ್ಲಾಸ್ಟಿಕ್ಕಿನ ಮೈಯನ್ನೇ ಕರಗಿಸುತ್ತದೆ ಮಾರಾಯ್ರೇ. ಹೊಳಪು ಕಾಣುವುದು ಅದಕ್ಕೇ. ಥಿನ್ನರ್, ಪೆಟ್ರೋಲನ್ನೂ ಹತ್ತಿರ ತರಬೇಡಿ.

ಶುರು ಮಾಡುವ ಮೊದಲು ಲೆನ್ಸ್ ಮೇಲೆ, ಅಂದರೆ ಹೆಡ್‌ಲೈಟಿನ ಹೊರಗಿನ ಪ್ಲಾಸ್ಟಿಕ್ ಮೇಲೆ, ಒಂದು ಮಗ್ ನೀರು ಹಾಕಿ. ಒದ್ದೆಯಾದಾಗ ತಿಳಿಯಾಗಿ ಕಂಡರೆ ಮಬ್ಬು ಹೊರಗಡೆಯದು, ಉಜ್ಜಿದರೆ ಹೋಗುತ್ತದೆ. ಒದ್ದೆಯಾದರೂ ಹಾಗೇ ಉಳಿದರೆ ತೊಂದರೆ ಒಳಗೆ. ಪ್ಲಾಸ್ಟಿಕ್ಕಿನ ಆಳದಲ್ಲಿ ಸಣ್ಣ ಸಣ್ಣ ಬಿರುಕು ಹೊಳೆಯುತ್ತಿದ್ದರೂ ಅಷ್ಟೇ. ಆಗ ಶೋರೂಮಿನವರ ಮಾತೇ ಸರಿ.

ಪೇಂಟ್ ಅಂಗಡಿಯಲ್ಲಿ 800, 1000, 1500, 2000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ; ನಂಬರ್ ದೊಡ್ಡದಾದಷ್ಟು ನುಣುಪು) ತನ್ನಿ. ಲೆನ್ಸ್ ಚೆನ್ನಾಗಿ ತೊಳೆದು, ಸುತ್ತಲಿನ ಪೇಂಟಿಗೆ ಎರಡು ಸುತ್ತು ಮಾಸ್ಕಿಂಗ್ ಟೇಪ್ ಅಂಟಿಸಿ. ಇದರಲ್ಲಿ ಸೋಮಾರಿತನ ಬೇಡ, ಬಾನೆಟ್ಟಿಗೆ ಗೀರು ಬಿದ್ದರೆ ಅದು ಬೇರೆ ಖರ್ಚು. ಪೇಪರನ್ನು ನೀರಲ್ಲಿ ನೆನೆಸಿ, 800ರಿಂದ ಅಡ್ಡಕ್ಕೆ ಉಜ್ಜಿ. ನೀರು ಬಿಡುತ್ತಲೇ ಇರಬೇಕು. ಮೊದಲು ಹಳದಿ ನೀರು ಇಳಿಯುತ್ತದೆ. ಅದು ನಿಂತು ಬರೀ ಬಿಳಿ ನೀರು ಬಂತೆಂದರೆ ಹಳೆ ಕೋಟಿಂಗ್ ಪೂರ್ತಿ ಹೋಯಿತು ಎಂದರ್ಥ. ಅಂಚಿನಲ್ಲಿ, ಮೂಲೆಯಲ್ಲಿ ಸ್ವಲ್ಪ ಉಳಿದಿರುತ್ತದೆ, ಬೆರಳ ತುದಿಯಲ್ಲಿ ಸವರಿದರೆ ದಪ್ಪಗೆ ತಾಗುತ್ತದೆ. ಅದನ್ನೂ ಬಿಡಬೇಡಿ. ಮುಂದಿನ ನಂಬರನ್ನು ಉದ್ದಕ್ಕೆ ಉಜ್ಜಿ, ಅದರ ಮುಂದಿನದನ್ನು ಮತ್ತೆ ಅಡ್ಡಕ್ಕೆ. ಹಿಂದಿನ ಗೀರು ಉಳಿದಿದೆಯೋ ಹೋಗಿದೆಯೋ ಆಗ ಕಣ್ಣಿಗೆ ಗೊತ್ತಾಗುತ್ತದೆ. ಈ ಹಂತದಲ್ಲಿ ಲೆನ್ಸ್ ಮೊದಲಿಗಿಂತ ಕೆಟ್ಟದಾಗಿ, ಪೂರಾ ಬಿಳಿಚಿಕೊಂಡು ಕಾಣುತ್ತದೆ. ಗಾಬರಿ ಬೇಡ.

ಇನ್ನು ಕೋಟಿಂಗ್. ನನ್ನ ಕೇಳಿದರೆ ಕೆಲಸ ಇರುವುದೇ ಇಲ್ಲಿ. ಗಟ್ಟಿಯಾಗಿಸುವ ಹಾರ್ಡ್‌ನರ್ ಸೇರುವ 2ಕೆ ಕ್ಲಿಯರ್, ಅಂದರೆ ಬಣ್ಣವಿಲ್ಲದ ಪೇಂಟಿನ ಸ್ಪ್ರೇ, ಸಿಗುತ್ತದೆ. ಹೆಡ್‌ಲೈಟಿಗೆ, ಯುವಿ ತಡೆಯುವಂಥದ್ದು ಬೇಕು ಎಂದೇ ಕೇಳಿ. ಇದನ್ನು ಹೊಡೆಯುವುದಾದರೆ 2000ಕ್ಕೆ ನಿಲ್ಲಿಸಿ, ಪಾಲಿಶ್ ಮಾಡಬೇಡಿ. ಸಣ್ಣ ಗೀರಿದ್ದರೇ ಕ್ಲಿಯರ್ ಗಟ್ಟಿ ಹಿಡಿಯುವುದು, ಗೀರನ್ನು ತುಂಬಿ ಪಾರದರ್ಶಕ ಮಾಡುವುದೂ ಅದೇ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಒಣಗಿಸಿ, ತೆಳ್ಳಗೆ ಎರಡು ಮೂರು ಕೋಟ್ ಹೊಡೆಯಿರಿ. ದಪ್ಪ ಹೊಡೆದರೆ ಇಳಿದು ಬರುತ್ತದೆ. ಇದರ ಹೊಗೆ ಶ್ವಾಸಕ್ಕೆ ಒಳ್ಳೆಯದಲ್ಲ. ಪೇಂಟರ್‌ಗಳು ಹಾಕುವ ಕಾರ್ಟ್ರಿಜ್ ಮಾಸ್ಕ್ ಬೇಕು, ಬಟ್ಟೆ ಮಾಸ್ಕ್ ಸಾಲದು. ಮಾಸ್ಕ್ ಇಲ್ಲದಿದ್ದರೆ ಉಜ್ಜುವುದು ನೀವು ಮಾಡಿ, ಸ್ಪ್ರೇಯನ್ನು ಪೇಂಟರಿಗೆ ಬಿಡಿ. ಸ್ಪ್ರೇಯೇ ಬೇಡ ಎಂದರೆ 3000 ಪೇಪರ್, ರಬ್ಬಿಂಗ್ ಕಾಂಪೌಂಡ್ ಹಾಕಿ ಹೊಳಪು ತಂದು, ಬಟ್ಟೆಯಲ್ಲಿ ಒರೆಸುವ ಯುವಿ ಸೀಲರ್ ಹಚ್ಚಬಹುದು. ಸುಲಭ, ಆದರೆ ಬಾಳಿಕೆ ಕಡಿಮೆ.

ಆಟಿ ತಿಂಗಳಲ್ಲಿ, ಜೋರು ಮಳೆಗಾಲದಲ್ಲಿ, ಮಾತ್ರ ಕೈ ಹಾಕಬೇಡಿ. ಗಾಳಿಯಲ್ಲಿ ಅಷ್ಟು ತೇವ ಇರುವಾಗ ಕ್ಲಿಯರ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ದೀಪಾವಳಿ ಕಳೆದು ಮಳೆ ಪೂರ್ತಿ ಬಿಟ್ಟ ಮೇಲೆ, ಇಬ್ಬನಿ ಆರಿದ ಬೆಳಿಗ್ಗೆ, ನೆರಳಲ್ಲಿ ಮಾಡಿ.

ಪ್ರಶ್ನೆ: ಮಳೆಗಾಲದಲ್ಲಿ ಹೆಡ್‌ಲೈಟ್ ಒಳಗೆ ಹಬೆ ಕೂರುತ್ತದೆ. ಇದಕ್ಕೂ ಉಜ್ಜಬೇಕೇ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಬೇಡ. ಹೆಡ್‌ಲೈಟಿಗೆ ಉಸಿರಾಡಲು ಸಣ್ಣ ತೂತು ಇರುತ್ತದೆ, ತೆಳು ಹಬೆ ಸಹಜ. ಲೈಟ್ ಹಾಕಿ ಸ್ವಲ್ಪ ದೂರ ಓಡಿಸಿದರೆ ಆರುತ್ತದೆ. ಒಳಗೆ ಹನಿ ಇಳಿದು ನೀರು ನಿಂತಿದ್ದರೆ ಮಾತ್ರ ಬಾನೆಟ್ ಎತ್ತಿ ಹಿಂದಿನ ರಬ್ಬರ್ ಕ್ಯಾಪ್ ನೋಡಿ. ಬಲ್ಬ್ ಬದಲಾಯಿಸಿದವರು ಅದನ್ನು ಸರಿಯಾಗಿ ಕೂರಿಸಿರುವುದಿಲ್ಲ.

ಪ್ರಶ್ನೆ: ಆಗುಂಬೆ ಘಾಟಿಯಲ್ಲಿ ರಾತ್ರಿ ಬೆಳಕು ಸಾಲುವುದಿಲ್ಲ. 100/90 ವ್ಯಾಟ್ ಬಲ್ಬ್ ಹಾಕಿಸಲೇ?
– ಓದುಗರೊಬ್ಬರು, ಹೆಬ್ರಿ

ಉತ್ತರ: ಸುಮ್ನೆ ದುಡ್ಡು ದಂಡ. ನಿಮ್ಮ ಎಚ್4 ಬಲ್ಬ್ 60/55 ವ್ಯಾಟಿನದು, ಹೈ ಬೀಮಿಗೆ 60, ಲೋ ಬೀಮಿಗೆ 55. ವೈರ್, ಹೋಲ್ಡರ್ ಎಲ್ಲ ಅದರ ಲೆಕ್ಕಕ್ಕೇ ಇರುವುದು. ಜಾಸ್ತಿ ಹಾಕಿದರೆ ಹೋಲ್ಡರ್ ಕರಗುತ್ತದೆ, ರಿಫ್ಲೆಕ್ಟರ್ ಕಪ್ಪಾಗುತ್ತದೆ. ಮೊದಲು ಲೆನ್ಸ್ ನೋಡಿ. ಅದು ಮಬ್ಬಾಗಿದ್ದರೆ ಹೆಚ್ಚಿನ ಬೆಳಕೂ ಚದುರಿ ಎದುರು ಬರುವ ಬಸ್ಸಿನವರ ಕಣ್ಣಿಗೇ ಹೋಗುತ್ತದೆ, ನಿಮ್ಮ ರಸ್ತೆಗಲ್ಲ. ಮಂಜಿದ್ದಾಗ ಲೋ ಬೀಮಲ್ಲೇ ಹತ್ತಿ.